‘ಆದ ಮೇಲೆ’ ಯಾವಾಗ ‘ಆದ್ದರಿಂದ’ ಆಯಿತು?

ಹತ್ತು ಬ್ರಾಂಚ್‌ಗಳ ಸೇಲ್ಸ್ ಸಿಬ್ಬಂದಿಗೆ ಟ್ರೈನಿಂಗ್ ಕೊಟ್ಟಿದ್ದೆವು. ಮೂರು ತಿಂಗಳಾಗುವಷ್ಟರಲ್ಲಿ ಎಂಟು ಬ್ರಾಂಚ್‌ಗಳ ಮಾರಾಟ ಏರಿತ್ತು. ನಾನು ಅನಲಿಸ್ಟ್ ಆಗಿ ಸೇರಿ ಆಗ ಎರಡು ವರ್ಷ. ಚೆಂದದ ಒಂದು ಗ್ರಾಫ್ ಹಾಕಿದೆ. ಅದರ ಕೆಳಗೆ ‘ಟ್ರೈನಿಂಗ್‌ನಿಂದ ಮಾರಾಟ ಏರಿದೆ’ ಎಂದು ಬರೆದೆ. ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದರು. ಉಳಿದ ಬ್ರಾಂಚ್‌ಗಳಿಗೂ ಅದೇ ಟ್ರೈನಿಂಗ್ ಕೊಡಲು ಹಣ ಮಂಜೂರಾಯಿತು.

ಮುಂದಿನ ವರ್ಷ ಎಲ್ಲರಿಗೂ ಟ್ರೈನಿಂಗ್ ಮುಗಿಯಿತು. ಒಟ್ಟು ಮಾರಾಟ ಮಾತ್ರ ಇದ್ದಲ್ಲೇ ಇತ್ತು. ಒಂದು ದಿನ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಹಳೆಯ ರಿಪೋರ್ಟ್ ತಂದು ಮೇಜಿನ ಮೇಲಿಟ್ಟರು.

“ಆ ಹತ್ತು ಬ್ರಾಂಚ್‌ಗಳನ್ನ ಹೇಗೆ ಆರಿಸಿದ್ರಿ?”

“ಆ ಮೂರು ತಿಂಗಳಲ್ಲಿ ಎಲ್ಲಕ್ಕಿಂತ ಕೆಳಗಿದ್ದವು ಸರ್.”

“ಅದಕ್ಕೂ ಹಿಂದಿನ ವರ್ಷ ಎಲ್ಲಕ್ಕಿಂತ ಕೆಳಗಿದ್ದ ಹತ್ತು ಯಾವುವು? ಅವಕ್ಕೆ ಯಾರೂ ಏನೂ ಮಾಡಿರಲಿಲ್ಲ ಅಲ್ವಾ? ಆಮೇಲೆ ಅವು ಏನಾದವು, ನೋಡಿ.”

ನೋಡಿದೆ. ಅವೂ ಏರಿದ್ದವು. ಹತ್ತರಲ್ಲಿ ಏಳು. ಯಾವ ಟ್ರೈನಿಂಗೂ ಇಲ್ಲದೆ.

ಹಣ ಹೋದದ್ದು ಒಂದು ಕಡೆ ಇರಲಿ. ನೂರಾರು ಜನ ತಮ್ಮ ಕೆಲಸ ಬಿಟ್ಟು, ನಾನು ಬರೆದ ಒಂದು ವಾಕ್ಯ ನಂಬಿ, ದಿನಗಟ್ಟಲೆ ಕೂತು ಕೇಳಿದ್ದರು. ಅದು ನನ್ನನ್ನು ಬಹಳ ದಿನ ಕಾಡಿತು. ಆವತ್ತಿನಿಂದ ‘ಇದರಿಂದ ಅದಾಯಿತು’ ಎಂಬ ಮಾತು ಎಲ್ಲಿ ಕಂಡರೂ ನಿಂತು ನೋಡುವುದನ್ನು ರೂಢಿ ಮಾಡಿಕೊಂಡೆ.

ಆ ಬ್ರಾಂಚ್‌ಗಳಿಗೆ ಆಗಿದ್ದೇನು ಎಂದು ಅರ್ಥವಾಗಲು ನನಗೆ ಸಮಯ ಹಿಡಿಯಿತು. ಒಂದು ಬ್ರಾಂಚಿನ ಮೂರು ತಿಂಗಳ ಮಾರಾಟದಲ್ಲಿ ಅದರ ನಿಜವಾದ ಕಸುವು ಇರುತ್ತದೆ, ಜೊತೆಗೆ ಆ ಹೊತ್ತಿನ ಅದೃಷ್ಟವೂ ಇರುತ್ತದೆ. ದೊಡ್ಡ ಆರ್ಡರ್ ಒಂದು ವಾರ ತಡವಾಗಿ ಬಂದಿರಬಹುದು. ಅನುಭವಿ ಮಾರಾಟಗಾರರೊಬ್ಬರು ತಿಂಗಳು ರಜೆ ಹಾಕಿರಬಹುದು. ತೀರಾ ಕೆಳಗಿರುವ ಹತ್ತನ್ನು ಆರಿಸಿದಾಗ, ನಿಜವಾಗಿ ಸೊರಗಿದವುಗಳ ಜೊತೆ, ಆ ಸಲ ಸುಮ್ನೆ ಅದೃಷ್ಟ ಕೈಕೊಟ್ಟವೂ ಸೇರಿರುತ್ತವೆ. ಮುಂದಿನ ಸಲ ಅಷ್ಟೇ ಕೆಟ್ಟ ಅದೃಷ್ಟ ಮತ್ತೆ ಬರುವುದು ಅಪರೂಪ. ಹಾಗಾಗಿ ಅವು ಸರಾಸರಿಯ ಕಡೆಗೆ ಏರುತ್ತವೆ. ಇದೇ ಲೆಕ್ಕದಲ್ಲಿ ತುತ್ತತುದಿಯಲ್ಲಿರುವವು ಇಳಿಯುತ್ತವೆ.

ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇದನ್ನು 1886ರಲ್ಲೇ ಎತ್ತರದ ಲೆಕ್ಕದಲ್ಲಿ ತೋರಿಸಿದ್ದರು. ತುಂಬಾ ಎತ್ತರದ ತಂದೆ ತಾಯಿಯ ಮಕ್ಕಳು ಎತ್ತರವಾಗಿಯೇ ಇರುತ್ತಾರೆ, ಆದರೆ ಸರಾಸರಿ ನೋಡಿದರೆ ತಂದೆ ತಾಯಿಯಷ್ಟಲ್ಲ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನೆಮನ್ ತಮ್ಮದೇ ಒಂದು ಅನುಭವ ಹೇಳಿಕೊಂಡಿದ್ದಾರೆ. ಇಸ್ರೇಲ್ ವಾಯುಪಡೆಯ ತರಬೇತುದಾರರೊಬ್ಬರು ಅವರೊಂದಿಗೆ ವಾದಕ್ಕಿಳಿದರಂತೆ. ವಿಮಾನ ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮುಂದಿನ ಸಲ ಚೆನ್ನಾಗಿ ಹಾರಿಸುತ್ತಾನೆ, ಆದ್ದರಿಂದ ಬೈಗುಳವೇ ಸರಿ ಎಂಬುದು ಅವರ ವಾದ. ಅವರು ಕಂಡಿದ್ದು ನಿಜ. ಆದರೆ ಹೊಗಳದೆ, ಬೈಯದೆ ಇದ್ದಿದ್ದರೂ ಹಾಗೇ ಆಗುತ್ತಿತ್ತು. ಇದನ್ನು ಓದಿದಾಗ ನನಗೆ ಆಫೀಸುಗಳ ನೆನಪಾಯಿತು. ಟಾರ್ಗೆಟ್ ತಪ್ಪಿದವರನ್ನು ಕರೆದು ಗದರಿದರೆ ಮುಂದಿನ ತಿಂಗಳು ಸರಿಹೋಗುತ್ತಾರೆ ಎಂದು ಗಟ್ಟಿಯಾಗಿ ನಂಬಿದ ಮ್ಯಾನೇಜರ್‌ಗಳು ಎಷ್ಟು ಜನ! ಅವರ ಕೈಕೆಳಗಿನವರು ವರ್ಷಗಟ್ಟಲೆ ಸುಮ್ಮಸುಮ್ಮನೆ ಬೈಸಿಕೊಂಡಿದ್ದಾರೆ. ಲೆಕ್ಕದ ತಪ್ಪೊಂದು ಮನುಷ್ಯರ ಮೇಲೆ ಹೀಗೆ ಬೀಳುತ್ತದೆ ಎನ್ನುವುದೇ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ.

ಈಗ ನಾನು ರಿಪೋರ್ಟ್ ಓದುವ ರೀತಿ ಹೇಳುತ್ತೇನೆ. ರಿಪೋರ್ಟ್ ಯಾವ ಭಾಷೆಯಲ್ಲೇ ಇರಲಿ, ಅದರ ಮುಖ್ಯ ವಾಕ್ಯವನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಕನ್ನಡ ಇಲ್ಲಿ ನಮಗೆ ತುಂಬಾ ಸಹಾಯ ಮಾಡುತ್ತದೆ. ‘ಟ್ರೈನಿಂಗ್ ಆದ ಮೇಲೆ ಮಾರಾಟ ಏರಿತು’ ಎಂದರೆ ಕಣ್ಣಿಗೆ ಕಂಡದ್ದು. ‘ಟ್ರೈನಿಂಗ್ ಆದದ್ದರಿಂದ ಮಾರಾಟ ಏರಿತು’ ಎಂದರೆ ನಾವು ಊಹಿಸಿದ್ದು. ‘ಟ್ರೈನಿಂಗ್ ಮಾರಾಟವನ್ನು ಏರಿಸಿತು’ ಎಂದಾಗಲೂ ಊಹೆಯೇ. ಅಲ್ಲಿ ಅದು ‘ಇಸು’ ಎಂಬ ಪುಟ್ಟ ಪ್ರತ್ಯಯದಲ್ಲಿ ಅಡಗಿ ಕೂತಿದೆ. ಏರಿತು, ಏರಿಸಿತು. ತಗ್ಗಿತು, ತಗ್ಗಿಸಿತು. ಪೆನ್ಸಿಲ್ ಹಿಡಿದು ‘ಇಂದ’, ‘ಇಸು’, ‘ಹೀಗಾಗಿ’, ‘ಪರಿಣಾಮವಾಗಿ’ ಇವಕ್ಕೆಲ್ಲ ಸುತ್ತು ಹಾಕುತ್ತೇನೆ. ಆಮೇಲೆ ಅದೇ ವಾಕ್ಯವನ್ನು ‘ಆದ ಮೇಲೆ’ ಎಂದು ತಿದ್ದಿ ಓದುತ್ತೇನೆ. ತಿದ್ದಿದ ವಾಕ್ಯದಲ್ಲಿ ಎಷ್ಟು ಕಡಿಮೆ ಉಳಿಯಿತೋ ಅಷ್ಟನ್ನು ಮಾತ್ರ ರಿಪೋರ್ಟ್ ತೋರಿಸಿದೆ. ಮಿಕ್ಕಿದ್ದಕ್ಕೆ ಸಾಕ್ಷಿ ಬೇಕು. ಕಾಗೆ ಕೂತದ್ದು, ಕೊಂಬೆ ಮುರಿದದ್ದು ಎರಡೂ ನಿಜವೇ ಇರಬಹುದು. ಕಾಗೆಯಿಂದ ಮುರಿಯಿತೇ ಎಂಬುದು ಬೇರೆ ಪ್ರಶ್ನೆ.

ಸಾಕ್ಷಿ ಯಾವುದು? ನನ್ನ ಮಟ್ಟಿಗೆ ಒಂದೇ ಪ್ರಶ್ನೆಯಿಂದ ಅದು ಶುರುವಾಗುತ್ತದೆ: ‘ನಾವು ಇದನ್ನು ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು?’

ತನ್ನ ಕೋಳಿ ಕೂಗುವುದರಿಂದಲೇ ಬೆಳಗಾಗುತ್ತದೆ ಎಂದುಕೊಂಡಿದ್ದ ಅಜ್ಜಿಯ ಕತೆ ನಮಗೆಲ್ಲ ಗೊತ್ತು. ಆ ಕತೆಯಲ್ಲಿ ನಾವು ಅಜ್ಜಿಯ ಜಂಬವನ್ನಷ್ಟೇ ನೋಡುತ್ತೇವೆ. ನನಗೆ ಆಕೆಯ ಮೇಲೆ ದೊಡ್ಡ ಗೌರವ ಇದೆ. ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟು ಹೋದಳಲ್ಲ! ಕೋಳಿ ಇಲ್ಲದ ಊರಲ್ಲಿ ಬೆಳಗಾಗುತ್ತದೋ ಇಲ್ಲವೋ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಬೇರೆ ಇಲ್ಲ. ನಮ್ಮ ಕಂಪನಿಗಳಲ್ಲಿ ಅಷ್ಟು ಮಾಡುವವರೂ ಕಡಿಮೆ.

ಮಾಡಿದವರಲ್ಲಿ ಆನ್‌ಲೈನ್ ಮಾರಾಟದ ಕಂಪನಿ ಇಬೇ (eBay) ಒಂದು. ಗೂಗಲ್‌ನಂಥ ಸರ್ಚ್ ಎಂಜಿನ್‌ನಲ್ಲಿ ಯಾರಾದರೂ ‘ಇಬೇ’ ಎಂದು ಹುಡುಕಿದರೆ ಮೇಲೆ ಅದರ ಜಾಹೀರಾತು ಬರುತ್ತಿತ್ತು. ಜನ ಒತ್ತಿ ಒಳಗೆ ಬಂದು ಕೊಳ್ಳುತ್ತಿದ್ದರು. ಲೆಕ್ಕದಲ್ಲಿ ಜಾಹೀರಾತು ಭಾರಿ ಲಾಭದ್ದಾಗಿ ಕಾಣುತ್ತಿತ್ತು. 2012ರಲ್ಲಿ ಅವರ ಸಂಶೋಧಕರು ಯಾಹೂ ಮತ್ತು ಮೈಕ್ರೋಸಾಫ್ಟ್‌ನ ಸರ್ಚ್‌ಗಳಲ್ಲಿ ಆ ಜಾಹೀರಾತನ್ನು ನಿಲ್ಲಿಸಿ ನೋಡಿದರು. ಗೂಗಲ್‌ನಲ್ಲಿ ಹಾಗೇ ಬಿಟ್ಟರು. ಜಾಹೀರಾತಿನಿಂದ ಬರುತ್ತಿದ್ದ ಕ್ಲಿಕ್‌ಗಳಲ್ಲಿ 99.5 ಶೇಕಡಾ, ಅದರ ಕೆಳಗಿದ್ದ ಮಾಮೂಲಿ ಲಿಂಕಿನಿಂದಲೇ ಬಂದವು. ಅಲ್ಲಿಗೆ ಹೋಗಬೇಕೆಂದೇ ಹುಡುಕಿದವರು ಅವರು. ಬಾಗಿಲ ಹತ್ತಿರ ಬಂದವರ ಕೈಗೆ ಕರಪತ್ರ ಕೊಟ್ಟು, ಕರಪತ್ರದಿಂದ ಬಂದರು ಎಂದು ಬರೆದುಕೊಂಡಂತಾಗಿತ್ತು. ಬೇರೆ ಪದಗಳಿಗೆ ಕೊಡುತ್ತಿದ್ದ ಜಾಹೀರಾತನ್ನೂ ಕೆಲವು ಪ್ರದೇಶಗಳಲ್ಲಿ ನಿಲ್ಲಿಸಿ ನೋಡಿದರು. ಹೊಸಬರ ಮೇಲೆ, ಅಪರೂಪಕ್ಕೆ ಕೊಳ್ಳುವವರ ಮೇಲೆ ಅದು ಕೆಲಸ ಮಾಡುತ್ತಿತ್ತು. ಆದರೆ ಹೆಚ್ಚಿನ ಖರ್ಚು ಹೇಗೂ ಕೊಳ್ಳುವವರ ಮೇಲೇ ಆಗುತ್ತಿತ್ತು. ಈ ವಿವರ ನನಗೆ ಇಷ್ಟ. ‘ಜಾಹೀರಾತು ದಂಡ’ ಎಂದು ಒಂದೇ ಏಟಿಗೆ ತಳ್ಳಿಹಾಕದೆ, ಯಾರಿಗೆ ಉಪಯೋಗ, ಯಾರಿಗೆ ಇಲ್ಲ ಎಂದು ಬಿಡಿಸಿ ನೋಡಿದರಲ್ಲ.

ಇದೇ ಜಾತಿಯ ಇನ್ನೊಂದು ವಾದ ವರ್ಷಕ್ಕೆ ಒಂದೆರಡು ಸಲವಾದರೂ ನನ್ನ ಮೇಜಿಗೆ ಬರುತ್ತದೆ. ‘ಆ್ಯಪ್ ಹಾಕಿಕೊಂಡ ಗ್ರಾಹಕರು ಉಳಿದವರಿಗಿಂತ ಜಾಸ್ತಿ ಕೊಳ್ಳುತ್ತಾರೆ, ಎಲ್ಲರಿಗೂ ಆ್ಯಪ್ ಹಾಕಿಸೋಣ.’ ಜಾಸ್ತಿ ಕೊಳ್ಳುವವರೇ ತಾನೇ ಆ್ಯಪ್ ಹಾಕಿಕೊಳ್ಳುವುದು? ಬಲವಂತಕ್ಕೆ ಹಾಕಿಕೊಂಡವರು ಅವರಂತೆ ಕೊಳ್ಳುತ್ತಾರೆ ಎನ್ನಲು ಆಧಾರ ಇಲ್ಲ.

ಒಂದು ಪ್ರಸ್ತಾವ ಮಾತ್ರ ನನ್ನನ್ನು ನಿಜವಾಗಿ ಗಾಬರಿಗೊಳಿಸಿತ್ತು. ಕಸ್ಟಮರ್ ಕೇರ್‌ಗೆ ಪದೇ ಪದೇ ಫೋನ್ ಮಾಡಿದ ಗ್ರಾಹಕರೇ ಹೆಚ್ಚಾಗಿ ನಮ್ಮನ್ನು ಬಿಟ್ಟು ಹೋಗುತ್ತಿದ್ದರು. ಅಂಕಿಅಂಶ ಸರಿಯಾಗಿತ್ತು. ಅದನ್ನಿಟ್ಟುಕೊಂಡು ಒಬ್ಬರು ಹೇಳಿದರು: “ಫೋನ್ ಕಾಲ್ ಕಡಿಮೆ ಮಾಡಿದ್ರೆ ಜನ ಬಿಡೋದೂ ಕಡಿಮೆ ಆಗುತ್ತೆ. ವೆಬ್‌ಸೈಟಿನ ಮೊದಲ ಪುಟದಿಂದ ನಂಬರ್ ತೆಗೆದು ಒಳಗೆಲ್ಲಾದರೂ ಹಾಕೋಣ.” ಹೇಳಿದವರು ದಡ್ಡರಲ್ಲ. ಗ್ರಾಫ್ ನೋಡಿದರೆ ಯಾರಿಗಾದರೂ ಹಾಗೆ ಅನಿಸುವಂತಿತ್ತು. ನಾನು ಬಿಳಿ ಬೋರ್ಡಿನ ಮೇಲೆ ಎರಡು ವೃತ್ತ ಬರೆದೆ. ಒಂದರಲ್ಲಿ ‘ಫೋನ್ ಮಾಡಿದರು’, ಇನ್ನೊಂದರಲ್ಲಿ ‘ಬಿಟ್ಟು ಹೋದರು’. ನಡುವೆ ಬಾಣ ಹಾಕದೆ, ಮೇಲೆ ಮೂರನೆಯ ವೃತ್ತ ಬರೆದು ಖಾಲಿ ಬಿಟ್ಟೆ. “ಇವೆರಡಕ್ಕೂ ಕಾರಣ ಆಗಬಹುದಾದ್ದು ಏನಾದ್ರೂ ಇದೆಯಾ?” ಎಂದು ಕೇಳಿದೆ. ಕಸ್ಟಮರ್ ಕೇರ್‌ನಿಂದ ಬಂದಿದ್ದ ಹುಡುಗಿ ತಕ್ಷಣ ಹೇಳಿದಳು: “ಬಿಲ್ ತಪ್ಪಾಗಿ ಬರ್ತಾ ಇದೆ ಸರ್. ಅರ್ಧ ಕಾಲ್ ಅದೇ.” ಖಾಲಿ ವೃತ್ತ ತುಂಬಿತು. ನಂಬರ್ ಅಡಗಿಸಿದ್ದರೆ ತಪ್ಪು ಬಿಲ್ ಹಾಗೇ ಉಳಿಯುತ್ತಿತ್ತು, ದೂರು ಹೇಳುವ ದಾರಿಯೂ ಮುಚ್ಚುತ್ತಿತ್ತು.

ಆ ಖಾಲಿ ವೃತ್ತ ಈಗ ನನ್ನ ಅಭ್ಯಾಸ. ಅದನ್ನು ತುಂಬುವವರು ಹೆಚ್ಚಾಗಿ ಕೆಲಸದ ಹತ್ತಿರ ಇರುವವರೇ. ಅಂಕಿಯ ಮುಂದೆ ಕೂತ ನಮಗೆ ಅದು ಕಾಣುವುದಿಲ್ಲ.

ಒಟ್ಟು ಲೆಕ್ಕ ಮೋಸ ಮಾಡುವ ಬಗೆಯೂ ಒಂದಿದೆ. ಉದಾಹರಣೆ ಕೊಡುತ್ತೇನೆ. ಹಿಂದಿನ ತಿಂಗಳು ವೆಬ್‌ಸೈಟಿಗೆ 1,000 ಜನ ಬಂದರು ಎನ್ನಿ. 800 ಜನ ಕಂಪ್ಯೂಟರ್‌ನಿಂದ, ಅವರಲ್ಲಿ ಶೇ. 5, ಅಂದರೆ 40 ಜನ ಕೊಂಡರು. 200 ಜನ ಮೊಬೈಲ್‌ನಿಂದ, ಶೇ. 1, ಅಂದರೆ 2. ಒಟ್ಟು ಶೇ. 4.2. ಈ ತಿಂಗಳು ಪುಟದ ವಿನ್ಯಾಸ ಬದಲಾಯಿತು. ಬಂದದ್ದು ಮತ್ತೆ 1,000 ಜನ. ಆದರೆ ಕಂಪ್ಯೂಟರ್‌ನವರು 400, ಕೊಂಡವರು ಶೇ. 6, ಅಂದರೆ 24. ಮೊಬೈಲ್‌ನವರು 600, ಕೊಂಡವರು ಶೇ. 1.5, ಅಂದರೆ 9. ಒಟ್ಟು ಶೇ. 3.3. ಎರಡೂ ಕಡೆ ಸುಧಾರಿಸಿದೆ, ಒಟ್ಟು ಇಳಿದಿದೆ! ‘ಹೊಸ ವಿನ್ಯಾಸದಿಂದ ಮಾರಾಟ ಬಿತ್ತು’ ಎಂದು ಬರೆದವರು ಸುಳ್ಳು ಅಂಕಿ ಬಳಸಿಲ್ಲ. ಬಂದ ಜನರ ಪಾಲು ಬದಲಾದದ್ದನ್ನು ನೋಡಿಲ್ಲ, ಅಷ್ಟೇ. ಒಟ್ಟು ಅಂಕಿ ಕಂಡಾಗ ಅದನ್ನು ಒಡೆದು ನೋಡಲು ಹತ್ತು ನಿಮಿಷ ಸಾಕು.

ಇಷ್ಟೆಲ್ಲ ಕಲಿತ ಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಕೆಲವು ತಿಂಗಳು ಎಲ್ಲರ ಎಲ್ಲ ವಾದಕ್ಕೂ ‘ಕಾಕತಾಳೀಯ ಇರಬಹುದು’ ಎಂದೇ ಹೇಳುತ್ತಿದ್ದೆ. ಜನ ನನಗೆ ರಿಪೋರ್ಟ್ ತೋರಿಸುವುದನ್ನೇ ಬಿಟ್ಟರು. ಅವರದು ತಪ್ಪಲ್ಲ. ‘ಇರಬಹುದು’ ಎನ್ನುವುದು ಸುಲಭ. ಬೇರೆ ಕಾರಣ ಇದೆ ಎನ್ನುವವರು ಅದು ಯಾವುದು, ಅದಿದ್ದರೆ ಬೇರೆ ಎಲ್ಲಿ ಗುರುತು ಕಾಣಬೇಕು ಎಂದೂ ಹೇಳಬೇಕು. ಕೆಲವು ಕಡೆ ಕಾರಣ ಕಣ್ಣೆದುರೇ ಇರುತ್ತದೆ. ಹಣ ಕಟ್ಟುವ ಪುಟ ಮಧ್ಯಾಹ್ನ ಕೆಟ್ಟಿತು, ಅದೇ ನಿಮಿಷದಿಂದ ಆರ್ಡರ್ ನಿಂತಿತು, ಸರಿಮಾಡಿದ ನಿಮಿಷಕ್ಕೆ ಮತ್ತೆ ಶುರುವಾಯಿತು. ಅಲ್ಲಿ ಪ್ರಯೋಗ ಬೇಕು ಎಂದು ಕೂರುವುದು ಸರಿಯಲ್ಲ.

ಹಾಗಾಗಿ ಮೀಟಿಂಗಿನಲ್ಲಿ ಮಾತಾಡುವ ರೀತಿ ಬದಲಿಸಿಕೊಂಡೆ. ‘ಇದು ತಪ್ಪು’ ಎನ್ನುವುದಿಲ್ಲ. “ಇದು ನಿಜವಾಗಿದ್ರೆ ನಮಗೆ ಇನ್ನೇನು ಕಾಣಬೇಕು?” ಎಂದು ಕೇಳುತ್ತೇನೆ. ಟ್ರೈನಿಂಗ್ ಕೆಲಸ ಮಾಡಿದ್ದರೆ, ಹೆಚ್ಚು ದಿನ ಬಂದವರು ಹೆಚ್ಚು ಏರಿರಬೇಕು. ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟ ವಸ್ತುಗಳ ಮಾರಾಟ ಉಳಿದವಕ್ಕಿಂತ ಏರಿರಬೇಕು. ಏರಿಕೆ ಟ್ರೈನಿಂಗ್‌ಗೂ ಮುಂಚೆ ಶುರುವಾಗಿರಬಾರದು. ಹೀಗೆ ಕೇಳಿದರೆ ಪ್ರಸ್ತಾವ ತಂದವರೇ ಉತ್ಸಾಹದಿಂದ ಹುಡುಕುತ್ತಾರೆ. ಎಷ್ಟೋ ಸಲ ಅವರ ವಾದ ಮೊದಲಿಗಿಂತ ಗಟ್ಟಿಯಾಗಿ ವಾಪಸ್ ಬಂದಿದೆ. ಆಗ ನನಗೂ ಸಂತೋಷ.

ಕಳೆದ ಸಲ ಮತ್ತೆ ಟ್ರೈನಿಂಗ್ ಮಾತು ಬಂದಾಗ ನಾನು ಒಂದೇ ಒಂದು ಬೇಡಿಕೆ ಇಟ್ಟೆ. ಕೆಳಗಿನ 20 ಬ್ರಾಂಚ್‌ಗಳ ಹೆಸರು ಬರೆದು ಚೀಟಿ ಎತ್ತೋಣ. ಹತ್ತಕ್ಕೆ ಈಗ ಟ್ರೈನಿಂಗ್, ಉಳಿದ ಹತ್ತಕ್ಕೆ ಆರು ತಿಂಗಳು ಬಿಟ್ಟು. “ಉಳಿದವರಿಗೆ ಅನ್ಯಾಯ ಅಲ್ವಾ?” ಎಂದು ಒಬ್ಬರು ಕೇಳಿದರು. ಟ್ರೈನಿಂಗ್ ಕೊಡುವವರು ಹೇಗೂ ಇಬ್ಬರೇ ಇದ್ದರು, ಎಲ್ಲರಿಗೂ ಒಮ್ಮೆಲೇ ಕೊಡಲು ಆಗುತ್ತಿರಲಿಲ್ಲ. ಒಪ್ಪಿದರು.

ಮೂರು ತಿಂಗಳ ನಂತರ ಎರಡೂ ಗುಂಪು ಏರಿದ್ದವು. ಚೀಟಿಯಲ್ಲಿ ಹೆಸರು ಬಂದ ಗುಂಪು ಸ್ವಲ್ಪ ಜಾಸ್ತಿ ಏರಿತ್ತು. ಗ್ರಾಫ್ ಹಾಕಿ ಅದರ ಕೆಳಗೆ ಹೀಗೆ ಬರೆದೆ: ‘ಟ್ರೈನಿಂಗ್ ಆದ ಮೇಲೆ ಹತ್ತು ಬ್ರಾಂಚ್‌ಗಳ ಮಾರಾಟ ಏರಿದೆ. ಟ್ರೈನಿಂಗ್ ಆಗದ ಹತ್ತರಲ್ಲೂ ಏರಿದೆ. ಎರಡರ ನಡುವಿನ ವ್ಯತ್ಯಾಸವಷ್ಟೇ ಟ್ರೈನಿಂಗ್‌ನಿಂದ ಬಂದಿರಬಹುದಾದ್ದು. ಹತ್ತೇ ಬ್ರಾಂಚ್‌ಗಳಾದ್ದರಿಂದ ಅದೂ ಅದೃಷ್ಟವಿರಬಹುದು. ಎರಡನೇ ಗುಂಪಿಗೆ ಟ್ರೈನಿಂಗ್ ಮುಗಿದ ಮೇಲೆ ಮತ್ತೆ ನೋಡಬೇಕು.’ ಹಿರಿಯ ಸಹೋದ್ಯೋಗಿ ಓದಿ, ‘ಆದ ಮೇಲೆ’ ಎಂಬಲ್ಲಿ ಪೆನ್ಸಿಲ್‌ನಿಂದ ಒಂದು ಸರಿ ಗುರುತು ಹಾಕಿ ವಾಪಸ್ ಕೊಟ್ಟರು.