ನಿಂತ ಸಿಲ್ವರ್ ಓಕ್‌ನಲ್ಲಿ ನಾಟ ಎಷ್ಟು, ಸೌದೆ ಎಷ್ಟು: ನನ್ನ ಅನುಭವ

ಈ ಸಲ ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ನೆರಳಿಗೆಂದು ಬೆಳೆದ ಸುಮಾರು 200 ಸಿಲ್ವರ್ ಓಕ್ ಕಡಿಸಿದೆವು. ಕಡಿಯುವ ಮೊದಲು ನಾನು ಬರೆದಿಟ್ಟ ನಾಟದ (ದಿಮ್ಮಿ ಮರದ) ಲೆಕ್ಕ 5,300 ಸಿಎಫ್‌ಟಿ, ಅಂದರೆ ಘನ ಅಡಿ. ದಿಮ್ಮಿ ಅಳೆದಾಗ ಬಂದದ್ದು 5,100ರ ಆಸುಪಾಸು. ಮೊದಲು ಮರ ನೋಡಲು ಬಂದ ವ್ಯಾಪಾರಿ ಕಣ್ಣಂದಾಜಿನಲ್ಲೇ 4,000 ಅಂದಿದ್ದರು, ಕೊಂಬೆಯೆಲ್ಲ ಪುಕ್ಕಟೆ ಬೇರೆ. "ನಿಂತ ಮರಕ್ಕೆ ಟೇಪ್ ಹಿಡಿದರೆ ಏನು ಗೊತ್ತಾಗುತ್ತೆ ಸಾರ್" ಅಂತ ತೋಟದ ಲೆಕ್ಕ ಬರೆಯುವ ನಮ್ಮ ರೈಟರೂ ಕೇಳಿದ್ದರು. ಅಕ್ಕಪಕ್ಕದ ತೋಟದವರೂ ನಂಬಿರಲಿಲ್ಲ. ಈಗ ಅವರೇ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

ದಿಮ್ಮಿ ಅಳೆಯುವುದು ಕಾಲು ಸುತ್ತಳತೆ ಸೂತ್ರದಲ್ಲಿ: ದಿಮ್ಮಿಯ ನಡುಭಾಗದ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು, ಎಲ್ಲ ಅಡಿಯಲ್ಲಿ. ನಡು ಸುತ್ತಳತೆ 48 ಇಂಚು, ಉದ್ದ 20 ಅಡಿ ಇದ್ದರೆ 20 ಸಿಎಫ್‌ಟಿ. ನಿಜವಾದ ಗಾತ್ರ 25ರ ಮೇಲಿದೆ. ಆದರೆ ಅದು ವಾಡಿಕೆ, ದರದಲ್ಲೇ ಸೇರಿರುತ್ತದೆ, ಅದಕ್ಕೆ ಜಗಳ ಬೇಡ. ಜಗಳ ಆಡಬೇಕಾದದ್ದು ತೊಗಟೆಗೆ. ಸುತ್ತಳತೆಯಲ್ಲಿ "2 ಇಂಚು ಬಿಡಿ" ಅನ್ನುತ್ತಾರೆ ವ್ಯಾಪಾರಿಗಳು. ಬಿಟ್ಟರೆ ಅದೇ ದಿಮ್ಮಿ 18 ಚಿಲ್ಲರೆಗೆ ಇಳಿಯುತ್ತದೆ, ನೂರಕ್ಕೆ 8 ಹೋಯಿತು. ಸುತ್ತಳತೆಯಲ್ಲಿ 2 ಇಂಚು ಹೋಗಬೇಕಾದರೆ ತೊಗಟೆ 8 ಮಿಲಿಮೀಟರ್ ದಪ್ಪ ಇರಬೇಕು, ಅಲ್ವಾ? ನಾನು ಮೇಲಿನ ತುಂಡುಗಳಲ್ಲಿ ಉಳಿ ಹಾಕಿ ಕೆತ್ತಿ, ಸ್ಕೇಲ್ ಇಟ್ಟು ತೋರಿಸಿದೆ. ಅವಕ್ಕೆ 1 ಇಂಚಿಗೆ ಒಪ್ಪಿದರು.

ಕೈಕೊಟ್ಟ ದಾರಿಗಳು ಹಲವು. ಫೋನಿನಲ್ಲಿ ಎತ್ತರ ಅಳೆಯುವ ಆ್ಯಪ್ ತೋಟದೊಳಗೆ ನಡೆಯುವುದಿಲ್ಲ, ತುದಿಯೇ ಕಾಣಲ್ಲ. ಡ್ರೋನ್ ತರಿಸಿದೆವು, 8 ಸಾವಿರದಷ್ಟು ಖರ್ಚು. ಮೇಲಿಂದ ನೋಡಿದರೆ ಒಂದು ಮರದ ತಲೆ ಇನ್ನೊಂದರ ಮೇಲೆ, ಕೆಳಗೆ ಕಾಂಡ ಎಲ್ಲಿದೆಯೋ ಗೊತ್ತಾಗದು. ಸಾಲಾಗಿ ನೆಟ್ಟ ಮರದ ಪ್ಲಾಂಟೇಶನ್‌ಗೆಂದು ಮಾಡಿದ, ಮರದ ದಪ್ಪಕ್ಕೆ ಎಷ್ಟು ನಾಟ ಅಂತ ಹೇಳುವ ಒಂದು ಪಟ್ಟಿ ಸಿಕ್ಕಿತು. ಅದು ನಮ್ಮ ಮರಕ್ಕೆ ಐದರಲ್ಲೊಂದು ಪಾಲು ಜಾಸ್ತಿ ತೋರಿಸಿತು.

ಕೊನೆಗೆ ಕೈಹಿಡಿದದ್ದು ಏಣಿ. ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಕೊಯ್ಲಿಗೆ ಜನ ಹೇಗೂ ಹತ್ತುತ್ತಾರೆ. ಏಣಿಗೆ 5, 15, 25 ಅಡಿಯಲ್ಲಿ ಕೆಂಪು ಬಣ್ಣ ಬಳಿದೆ. ಹತ್ತುವವರ ಕೈಗೆ ಟೇಪ್ ಕೊಟ್ಟು, ಮರಕ್ಕೆ 10 ರೂಪಾಯಿ ಮೇಲೆ ಕೊಟ್ಟೆ. ಸುಮಾರು 40 ಮರ ಹೀಗೆ ಅಳೆದರೆ ಸಾಕು. ಎದೆಮಟ್ಟದಿಂದ ನಡುವಿಗೆ ಬರುವಾಗ ಮರ ಎಷ್ಟು ಸಣ್ಣಗಾಗುತ್ತದೆ ಅನ್ನುವ ಗುಣಕ ಸಿಗುತ್ತದೆ. ಉಳಿದ ಮರಗಳಿಗೆ ಕೆಳಗೆ ನಿಂತೇ ಲೆಕ್ಕ. ನನ್ನ ಗುಣಕ ಕೇಳಬೇಡಿ, ನಿಮ್ಮ ತೋಟದ್ದು ನೀವೇ ತೆಗೆಯಬೇಕು. ಬಳ್ಳಿ ಹಬ್ಬಿದ ಮರಕ್ಕೆ ಬಳ್ಳಿಯ ಮೇಲೆ ಟೇಪ್ ಸುತ್ತಿದರೆ ಲೆಕ್ಕ ಸುಮ್ನೆ ಉಬ್ಬುತ್ತದೆ. ಬಳ್ಳಿಯ ಸಂದಿನಲ್ಲಿ ಎರಡು ಬದಿ ಮರದ ಪಟ್ಟಿ ಒತ್ತಿ ವ್ಯಾಸ ತೆಗೆದು, 3.14ರಿಂದ ಗುಣಿಸಿದೆ. ನಾಟಕ್ಕೆ ಬರುವ ಉದ್ದವನ್ನು ಕೆಳಗಿನಿಂದಲೇ ಹಿಡಿಯಲು ಒಂದು ಉಪಾಯ ಇದೆ. ಅದನ್ನು ಇನ್ನೂ ಎರಡು ಸಲ ಮರ ಕಡಿಸುವಾಗ ನೋಡಿದ ಮೇಲೆ ಹೇಳುತ್ತೇನೆ.

ನಿಜವಾಗಿ ತಲೆ ಕೆಡಿಸಿದ್ದು ಕೊಂಬೆ. ಸ್ವೀಡನ್, ಫಿನ್ಲೆಂಡ್‌ನವರು ಸ್ಪ್ರೂಸ್ (ಸೂಜಿ ಎಲೆಯ ಮರ) ಕಾಡಿಗೆ ಕೊಂಬೆಯ ಸೂತ್ರ ಎಂದೋ ಮಾಡಿದ್ದಾರೆ. ಎದೆಮಟ್ಟದ ವ್ಯಾಸ, ಎತ್ತರ ಕೊಟ್ಟರೆ ಕೊಂಬೆಯ ತೂಕ ಬರುತ್ತದೆ. ಹಸಿರು ಹೊತ್ತ ಭಾಗದ ಉದ್ದವನ್ನೂ ಸೇರಿಸಿದರೆ ಇನ್ನೂ ಹತ್ತಿರ. ಅಲ್ಲಿ ಕೆಳಗಿನ ಕೊಂಬೆ ನೆರಳಿಗೆ ತಾನೇ ಸಾಯುತ್ತದೆ. ನಮ್ಮಲ್ಲಿ ವರ್ಷ ವರ್ಷ ಮರಗಸಿ, ಅಂದರೆ ನೆರಳು ಕಡಿಮೆ ಮಾಡಲು ಕೊಂಬೆಗೆ ಕತ್ತಿ ಬೀಳುತ್ತದೆ. ಹಾಗಾಗಿ ಒಂದೇ ದಪ್ಪದ ಎರಡು ಮರದಲ್ಲಿ ಒಂದರ ಕೊಂಬೆ 60 ಕೆಜಿ ತೂಗಿದರೆ, ಬೇಲಿ ಬದಿಯಲ್ಲಿ ಕತ್ತಿ ಕಾಣದ ಇನ್ನೊಂದರದ್ದು 250 ದಾಟಿತು. ಎದೆಮಟ್ಟದ ಅಳತೆ ಕೊಂಬೆಗೆ ಪ್ರಯೋಜನವೇ ಇಲ್ಲ.

ಕಾಫಿ ಹಣ್ಣು ತೂಗುವ ತಕ್ಕಡಿಯಲ್ಲೇ ಕೊಂಬೆ ಕಟ್ಟಿ ತೂಗಿಸಿದೆ. ಕೊಂಬೆಯ ಬುಡದ ಸುತ್ತಳತೆ ಎರಡು ಪಟ್ಟಾದರೆ ತೂಕ ಐದಾರು ಪಟ್ಟಾಗುತ್ತದೆ. ಆದರೆ ಮರಕ್ಕೆ ಹತ್ತಾರು ಕೊಂಬೆ ಅಳೆಯುತ್ತಾ ಕೂತರೆ ಕೂಲಿಯೇ ಲಾಭ ತಿನ್ನುತ್ತದೆ. ಆಗ ಹೊಳೆದದ್ದು ಇದು: ಮೊದಲ ಹಸಿ ಕೊಂಬೆಯ ಒಂದಡಿ ಕೆಳಗೆ ಕಾಂಡದ ಸುತ್ತಳತೆ ತೆಗೆ. ಮೇಲಿರುವ ಹಸಿರಿಗೆಲ್ಲ ನೀರು ಹೋಗುವುದು ಅಲ್ಲಿಂದಲೇ ತಾನೆ? ಕತ್ತಿ ಬಿದ್ದ ಮರಕ್ಕೂ ಬೀಳದ ಮರಕ್ಕೂ ಅದೊಂದೇ ಅಳತೆ ಹೊಂದಿತು. ಒಟ್ಟು 24 ಟನ್ ಅಂದಿದ್ದೆ. ವೇ ಬ್ರಿಡ್ಜ್‌ನಲ್ಲಿ ಬಂದದ್ದು ಮತ್ತು ಸೊಪ್ಪು, ಕಡ್ಡಿ ಅಂತ ಕಾಫಿ ಗಿಡದ ಬುಡಕ್ಕೆ ಬಿಟ್ಟದ್ದು ಸೇರಿ 22ರ ಹತ್ತಿರ. ಅದರಲ್ಲಿ ಸೊಪ್ಪು ಕಡ್ಡಿಯೇ ಮೂರರಲ್ಲೊಂದು ಪಾಲು. ಅದನ್ನು ಮಾರಬೇಡಿ, ಮಣ್ಣಿಗೆ ಬೇಕು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಒಂದು ರಾಶಿ ಸೌದೆಯನ್ನು ಬಿಸಿಲಿನಲ್ಲಿ ಮೂರು ವಾರ ಬಿಟ್ಟು ಮತ್ತೆ ತೂಗಿಸಿದೆ. ಕಾಲು ಭಾಗ ತೂಕ ಹೋಗಿತ್ತು. ತೂಕಕ್ಕೆ ಮಾರುವುದಾದರೆ ಕಡಿದ ವಾರದಲ್ಲೇ ಲಾರಿ ಹೊರಡಬೇಕು.

ಹಣದ ಮಾತು. ನಾಟಕ್ಕೆ ನಮಗೆ ಸಿಕ್ಕಿದ್ದು ಸಿಎಫ್‌ಟಿಗೆ 400ರ ಆಸುಪಾಸು. ಕಣ್ಣಂದಾಜಿಗೆ ಒಪ್ಪಿದ್ದರೆ 4 ಲಕ್ಷದ ಮೇಲೆ ಕೈಬಿಡುತ್ತಿತ್ತು. ಪುಕ್ಕಟೆ ಹೋಗಬೇಕಿದ್ದ ಕೊಂಬೆಗೆ 30 ಸಾವಿರದಷ್ಟು ಬಂತು. ಅಳತೆಯ ಖರ್ಚು, ಡ್ರೋನ್ ಸೇರಿ, 15 ಸಾವಿರ ದಾಟಿಲ್ಲ.

ಕಾಡು ಮರಕ್ಕೆ ಇದು ನಡೆಯುವುದಿಲ್ಲ. ಹಲಸಿನಲ್ಲಿ ನೋಡಿದೆ. ಅದು ಕೆಳಗೇ ಕವಲೊಡೆಯುತ್ತದೆ, ಕಾಂಡ ಎಲ್ಲಿ ಮುಗಿದು ಕೊಂಬೆ ಎಲ್ಲಿ ಶುರುವಾಯಿತು ಅಂತಲೇ ಹೇಳಲಾಗದು. ಅಂದಾಜು ಅರ್ಧಕ್ಕರ್ಧ ತಪ್ಪಿತು. ಅಂಥ ಮರಕ್ಕೆ ಸದ್ಯಕ್ಕೆ ಕೊಂಬೆ ಕೊಂಬೆಗೂ ಬುಡದಲ್ಲಿ ಟೇಪ್ ಹಾಕುವುದೇ ದಾರಿ.