ಮಳೆ ಹನಿಯುವಾಗ ಕೆಸರಿನಲ್ಲಿ ಕಡಲ ಪಳೆಯುಳಿಕೆ ಹುಡುಕುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಾನು ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವನು. ನನಗೆ ಈ ಹುಚ್ಚು ಇದೆ ಎಂದು ಗೊತ್ತಾದ ಮೇಲೆ ಜನ ತೊರೆಯಲ್ಲಿ ಸಿಕ್ಕಿದ್ದು, ಗುಡ್ಡ ಕಡಿದಾಗ ಸಿಕ್ಕಿದ್ದು, ಎಲ್ಲ ಕಲ್ಲನ್ನೂ ತಂದು ಹಾಜರಿ ಪುಸ್ತಕದ ಪಕ್ಕ ಇಡುತ್ತಾರೆ. "ರೈಟ್ರೇ, ಇದು ಶಂಖ ಅಲ್ವಾ?" ಅಲ್ಲ. ನಮ್ಮ ಬೆಟ್ಟದ ಕಲ್ಲು 300 ಕೋಟಿ ವರ್ಷದ ಆಸುಪಾಸಿನದು. ಚಿಪ್ಪು ಹೊತ್ತ ಪ್ರಾಣಿಗಳು ಹೆಚ್ಚಾಗಿ ಕಾಣಿಸಿಕೊಂಡದ್ದೇ ಸುಮಾರು 54 ಕೋಟಿ ವರ್ಷದ ಹಿಂದೆ. ಸಾಲದ್ದಕ್ಕೆ ನಮ್ಮ ಕಲ್ಲು ನೆಲದ ಆಳಕ್ಕೆ ಹೋಗಿ, ಅಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ ಮೇಲೆ ಬಂದದ್ದು. ಅದರಲ್ಲಿ ಕೆಂಪು ಗಾರ್ನೆಟ್ ಕಾಳು ಸಿಗಬಹುದು. ಶಂಖ ಸಿಗದು.

ಶಂಖ, ಚಿಪ್ಪು ಬೇಕಾದರೆ ಕಾವೇರಿ ಹೋದ ದಿಕ್ಕಿಗೇ ಹೋಗಿ. ತಲಕಾವೇರಿಯ ನೀರು ತಿರುಚ್ಚಿ ದಾಟಿ ಕಡಲಿಗೆ ಹೋಗುತ್ತದಲ್ಲ, ಆ ತಿರುಚ್ಚಿಯ ಉತ್ತರಕ್ಕೆ ಪೆರಂಬಲೂರು, ಅರಿಯಲೂರು ಜಿಲ್ಲೆಗಳಿವೆ. ಡೈನೋಸಾರ್ ಕಾಲದಲ್ಲಿ ಅಲ್ಲಿಯವರೆಗೂ ಕಡಲು ನುಗ್ಗಿತ್ತು. ಆ ಕಡಲ ತಳದ ಜೇಡಿ ಮಣ್ಣು ಇವತ್ತಿಗೂ ಕಾರೈ ಎಂಬ ಹಳ್ಳಿಯ ಬಳಿ ಬಯಲಿನಲ್ಲಿ ಬಿದ್ದಿದೆ. ವಯಸ್ಸು 9ರಿಂದ 11 ಕೋಟಿ ವರ್ಷ. ಮರ ಇಲ್ಲ, ನೆರಳಿಲ್ಲ. ನೀರು ಕೊರೆದ ಕೊರಕಲು, ಬೋಳು ದಿಬ್ಬ, ಮತ್ತೆ ಕೊರಕಲು.

ಇದು ನನಗೆ ತಿಳಿದದ್ದು ಇಬ್ಬರಿಂದ. ಒಬ್ಬಳು ಮೈಸೂರಿನಲ್ಲಿ ಭೂವಿಜ್ಞಾನ ಓದುವ ಹುಡುಗಿ, ನನ್ನ ಒಡಹುಟ್ಟಿದ ಅಕ್ಕನ ಮಗಳು, ನನಗೆ ಸೊಸೆಯಾಗಬೇಕು. ಇನ್ನೊಬ್ಬರು ನಮ್ಮ ತೋಟದ ಲೈನ್ ಮನೆಯಲ್ಲಿರುವ ಹಿರಿಯ ಕೆಲಸದಾಕೆ. ಅವರ ತವರು ಪೆರಂಬಲೂರು ಕಡೆ. ಅವರನ್ನೂ ನಾವೆಲ್ಲ ಅಕ್ಕ ಅನ್ನುತ್ತೇವೆ, ಮುಂದೆ ಅಕ್ಕ ಅಂದರೆ ಇವರೇ. ಸೊಸೆಗೆ ಕಲ್ಲಿನ ಹೆಸರು ಗೊತ್ತು, ಅಕ್ಕನಿಗೆ ಊರಿನ ದಾರಿ ಗೊತ್ತು. ನೀವು ಹೋಗುವಾಗಲೂ ಅಲ್ಲಿನ ಮಾತು ಬಲ್ಲವರು ಒಬ್ಬರು ಜೊತೆಗಿರಲಿ. ಖಾಲಿ ಬಯಲಿನಲ್ಲಿ ಮೂರು ಜನ ಕುಕ್ಕರಗಾಲಿನಲ್ಲಿ ಕೂತು ನೆಲ ನೋಡುತ್ತಿದ್ದರೆ ಆಡು ಮೇಯಿಸುವವರು ಬಂದು ಕೇಳಿಯೇ ಕೇಳುತ್ತಾರೆ.

ಯಾವಾಗ ಹೋಗಬೇಕು? ನಮ್ಮ ಮಳೆಗಾಲದಲ್ಲಿ ಅಲ್ಲ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನಲ್ಲಿ, ನಮ್ಮಲ್ಲಿ ಆಕಾಶ ಹರಿದು ಬಿದ್ದರೂ ಅಲ್ಲಿ ಜಾಸ್ತಿ ಮಳೆ ಇರುವುದಿಲ್ಲ. ಆ ಕಡೆಯ ಮಳೆ ಹಿಂಗಾರಿನದು. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಮುಗಿಯಬೇಕು, ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರಬಾರದು. ನಡುವಿನ ದಿನಗಳೇ ಸರಿ. ತೋಟದವರಾದರೆ ಇನ್ನೂ ಬೇಗ ಹೊರಡಿ. ಅರೇಬಿಕಾ ಹಣ್ಣು ಕೆಂಪಾದ ಮೇಲೆ ರಜೆ ಕೇಳಿದರೆ ಸಾಹುಕಾರರ ಮುಖವೂ ಕೆಂಪಾಗುತ್ತದೆ.

ಕೊಡಗಿಗೆ ರೈಲಿಲ್ಲ, ಅದು ಇದ್ದದ್ದೇ. ಮೈಸೂರಿನವರೆಗೆ ಬಸ್ಸು. ಅಲ್ಲಿಂದ ಮಯಿಲಾಡುತುರೈ ಕಡೆಯ ರಾತ್ರಿ ರೈಲು ತಿರುಚ್ಚಿ ಮೇಲೆ ಹೋಗುತ್ತದೆ. ತಿರುಚ್ಚಿಯಿಂದ ಚೆನ್ನೈ ಹೆದ್ದಾರಿ ಹಿಡಿದು, ಪಾಡಾಲೂರು ಬಳಿ ಪೂರ್ವಕ್ಕೆ ತಿರುಗಬೇಕು. ಹೋಗಿ ಬರಲು ಒಂದು ಗಾಡಿ ಮಾತಾಡಿಕೊಳ್ಳಿ. ಚಾಲಕರಿಗೆ ಮೊದಲೇ ಹೇಳಿ, ವಾಪಸ್ ಹತ್ತುವಾಗ ನಮ್ಮ ಕಾಲು ಹೀಗಿರುವುದಿಲ್ಲ ಅಂತ.

ಈಗ ಕಾಲಿನ ವಿಷಯ. ನಮ್ಮವರು ಕೆಸರು ಅಂದ ಕೂಡಲೇ ಗಮ್ ಬೂಟ್ ಹಾಕುತ್ತಾರೆ. ತೋಟದಲ್ಲಿ ಅದು ಸರಿ, ಜಿಗಣೆಗಾದರೂ ಬೇಕು. ಕಾರೈ ಮಣ್ಣಿಗೆ ಅದು ಆಗುವುದಿಲ್ಲ. ಅದು ನೀರು ಕುಡಿದು ಊದುವ ಜೇಡಿ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಬೂಟಿನ ಕೆಳಗೆ ಇನ್ನೊಂದು ಬೂಟು ಬೆಳೆದಿರುತ್ತದೆ. ಕಾಲೆತ್ತಿದರೆ ಕಾಲು ಮಾತ್ರ ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ. ಹಳೆಯ ಕ್ಯಾನ್ವಾಸ್ ಶೂ ಹಾಕಿ, ಲೇಸ್ ಬಿಗಿಯಾಗಿ ಕಟ್ಟಿ. ಮಣ್ಣು ಕೆರೆಯಲು ಒಂದು ಕಡ್ಡಿ ಇರಲಿ. ಕೊಡೆ ಬೇಡ, ಎರಡೂ ಕೈ ಖಾಲಿ ಇರಬೇಕು. ರೈನ್‌ಕೋಟ್ ಇಲ್ಲದಿದ್ದರೆ ಪ್ಲಾಸ್ಟಿಕ್ ಕೊಪ್ಪೆ ಸಾಕು. ಮಂಡಿ ಕೆಳಗೆ ಹಾಸಲು ತೊಳೆದ ಗೊಬ್ಬರದ ಚೀಲ ಒಂದು. ಒಂದು ಹಳೆಯ ಟೂತ್‌ಬ್ರಷ್. ಮುಚ್ಚಳಕ್ಕೆ ತೂತು ಮಾಡಿದ ನೀರಿನ ಬಾಟಲಿ. ಬರೆಯಲು ಪೆನ್ನಲ್ಲ, ಪೆನ್ಸಿಲ್. ಒದ್ದೆ ಹಾಳೆಯ ಮೇಲೆ ಪೆನ್ನು ಕೈಕೊಡುತ್ತದೆ. ಒಂದು ಹತ್ತು ರೂಪಾಯಿ ನಾಣ್ಯವೂ ಬೇಕು, ಅದರ ಕೆಲಸ ಮುಂದೆ ಹೇಳುತ್ತೇನೆ.

ಸುತ್ತಿಗೆ, ಪಿಕಾಸಿ, ಕತ್ತಿ ಎಲ್ಲ ಮನೆಯಲ್ಲೇ ಬಿಟ್ಟು ಬನ್ನಿ. ಕಾರೈಯಿಂದ ಕುಳಕ್ಕಾನತ್ತಂವರೆಗಿನ ಈ ಬಯಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪಾರಂಪರಿಕ ತಾಣಗಳ ಪಟ್ಟಿಯಲ್ಲಿದೆ. ಅಗೆಯುವಂತಿಲ್ಲ, ಚೀಲ ತುಂಬಿಕೊಂಡು ಬರುವಂತಿಲ್ಲ. ನೋಡಿ, ಫೋಟೊ ತೆಗೆದು, ಇದ್ದಲ್ಲೇ ಬಿಡುವ ಬೇಟೆ ಇದು. "ಅಷ್ಟು ದೂರ ಹೋಗಿ ಬರಿಗೈಲಿ ಬರೋದಾ?" ಎಂದು ನಮ್ಮ ಮನೆಯಲ್ಲೂ ಕೇಳುತ್ತಾರೆ. ಹೌದು, ಬರಿಗೈಲಿ. ಅಗೆಯುವ ಅಗತ್ಯವೂ ಇಲ್ಲ ಬಿಡಿ, ಆ ಕೆಲಸ ಮಳೆ ಮಾಡುತ್ತದೆ.

ಹುಡುಕುವ ಕ್ರಮ ನಾನು ಕಲಿತದ್ದು ಕಾಫಿ ತೋಟದಲ್ಲೇ. ಕುಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಹಣ್ಣನ್ನು ಒಂದೂ ಬಿಡದೆ ಆಯಿಸುತ್ತೇವೆ, ಇಲ್ಲದಿದ್ದರೆ ಅದರಲ್ಲಿ ಕಾಯಿಕೊರಕ ಹುಳು ಉಳಿದುಕೊಳ್ಳುತ್ತದೆ. ಆಯುವ ಹೆಂಗಸರನ್ನು ನೋಡಿದ್ದೀರಾ? ತೋಟ ಪೂರ್ತಿ ಕಣ್ಣಾಡಿಸುವುದಿಲ್ಲ. ಒಂದು ಗಿಡದ ಬುಡ ಹಿಡಿದರೆ ಅಷ್ಟನ್ನು ಮುಗಿಸಿಯೇ ಮುಂದಿನದಕ್ಕೆ ಸರಿಯುತ್ತಾರೆ. ನಿಂತು ನೋಡುವುದಿಲ್ಲ, ಕೂರುತ್ತಾರೆ. ಕಾರೈಯಲ್ಲೂ ಅಷ್ಟೇ. ಮೂರು ಮಾರು ಉದ್ದಗಲದ ಜಾಗ ಮನಸ್ಸಿನಲ್ಲೇ ಗುರುತು ಮಾಡಿ. ಕೂತು, ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ. ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಒಂದು ಕಾಣುತ್ತದೆ. ಒಂದು ಕಂಡ ಮೇಲೆ ಅದೇ ಜಾಗದಲ್ಲಿ ಇನ್ನೂ ನಾಲ್ಕು ಕಾಣುತ್ತವೆ. ನಮ್ಮ ಅಕ್ಕನಿಗೆ ಮಾತ್ರ ಈ ಹತ್ತು ನಿಮಿಷವೂ ಬೇಕಾಗಲಿಲ್ಲ. ಭೂವಿಜ್ಞಾನ ಓದಿದವಳು ಇನ್ನೂ ಕನ್ನಡಕ ಒರೆಸುತ್ತಿದ್ದಳು, ಅಕ್ಕ "ಇಂದಾ, ಇದಾ ನೋಡಮ್ಮ" ಎಂದು ಬೆರಳು ತೋರಿಸಿ ಆಗಿತ್ತು.

ಮಳೆ ದಿನವೇ ಯಾಕೆ? ಒಣಗಿದಾಗ ಅಲ್ಲಿ ಎಲ್ಲದರ ಮೇಲೂ ಒಂದೇ ಬಣ್ಣದ ಧೂಳು. ಒದ್ದೆಯಾದರೆ ಚಿಪ್ಪಿನ ಬಣ್ಣ ಏಳುತ್ತದೆ. ಜೇಡಿ ಮಬ್ಬಾಗಿಯೇ ಇರುತ್ತದೆ, ಗಟ್ಟಿ ವಸ್ತು ಹೊಳೆಯುತ್ತದೆ. ಇನ್ನೊಂದು ಗುರುತು ಜೋರು ಮಳೆ ನಿಂತ ಮೇಲೆ ಸಿಗುತ್ತದೆ. ಹನಿ ಬಿದ್ದು ಬಿದ್ದು ಸುತ್ತಲಿನ ಮಣ್ಣು ಕೊಚ್ಚಿ ಹೋಗಿರುತ್ತದೆ. ಗಟ್ಟಿ ವಸ್ತುವಿನ ಕೆಳಗಿನ ಮಣ್ಣು ಮಾತ್ರ ಉಳಿದು, ಬೆರಳುಗುರಿನಷ್ಟು ಎತ್ತರದ ಪುಟ್ಟ ಕಂಬದ ಮೇಲೆ ಅದು ಕೂತಿರುತ್ತದೆ. ಅಂಥ ಕಂಬಗಳನ್ನೇ ಹುಡುಕಿ. ಬಹುತೇಕ ಕಂಬದ ಮೇಲೆ ಸುಮ್ನೆ ಒಂದು ಕಲ್ಲಿನ ಚೂರಿರುತ್ತದೆ. ಕೆಲವದರ ಮೇಲೆ ಮಾತ್ರ ಹಾಗಿರುವುದಿಲ್ಲ.

ಆದ್ದರಿಂದ ಜೋರು ಮಳೆಯಲ್ಲಿ ಗಾಡಿಯಲ್ಲೇ ಕೂತಿರಿ. ಮಳೆ ನಿಂತು ಅರ್ಧ ಗಂಟೆ ಬಿಟ್ಟು ಇಳಿಯಿರಿ. ಸಣ್ಣ ಹನಿ ಇದ್ದರೆ ಒಳ್ಳೆಯದೇ, ನೆಲ ಒದ್ದೆಯಾಗಿಯೇ ಇರುತ್ತದೆ. ನೋಡಬೇಕಾದ ಜಾಗ ಎರಡು. ಒಂದು, ದಿಬ್ಬದ ಬುಡದಲ್ಲಿ ನೀರಿನ ಓಟ ನಿಧಾನವಾಗಿ ಹರಡುವ ಕಡೆ. ತೂಕದ ವಸ್ತುಗಳನ್ನು ನೀರು ಅಲ್ಲೇ ಇಳಿಸಿ ಹೋಗುತ್ತದೆ. ಇನ್ನೊಂದು, ಇಳಿಜಾರಿನ ಮೈ. ಬುಡದಲ್ಲಿ ಒಂದೇ ಥರದ ಚೂರುಗಳು ಜಾಸ್ತಿ ಕಂಡರೆ, ಅವು ಬಂದ ಗೆರೆ ಹಿಡಿದು ಮೇಲಕ್ಕೆ ಹೋಗಿ. ಎಲ್ಲಿಂದ ಮೇಲಕ್ಕೆ ಚೂರು ಇಲ್ಲವೋ ಅಲ್ಲೇ ಅದರ ಪದರ.

ಏನೇನು ಕಾಣುತ್ತದೆ? ಕಾರೈಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುವುದು ಬೆಲೆಮ್ನೈಟ್. ಕೊಡಗಿನವರಿಗೆ ಬಂದೂಕಿನ ಗುಂಡು ಗೊತ್ತಲ್ಲ, ಅದೇ ಆಕಾರ. ಒಂದು ತುದಿ ಚೂಪು, ಕಂದು ಬಣ್ಣ, ಒದ್ದೆಯಾದರೆ ಜೇನಿನ ಬಣ್ಣ. ಮುರಿದ ಕಡೆ ನೋಡಿ, ನಡುವಿನಿಂದ ಸುತ್ತಲೂ ಗೆರೆಗಳು ಹರಡಿರುತ್ತವೆ. ಬೊಂಡಾಸ್ ಮೀನಿನ (ಸ್ಕ್ವಿಡ್) ದೂರದ ನೆಂಟನೊಂದರ ಮೈಯೊಳಗಿದ್ದ ಗಟ್ಟಿ ಭಾಗ ಅದು. ಆಮೇಲೆ ಅಮ್ಮೊನೈಟ್, ಸುರುಳಿ ಚಿಪ್ಪಿನ ಕಡಲ ಪ್ರಾಣಿ. ಪೂಜೆಗೆ ಇಡುವ ಗಂಡಕಿ ನದಿಯ ಸಾಲಿಗ್ರಾಮದ ಒಳಗಿನ ಚಕ್ರ ಇದೇ ಜಾತಿಯ ಪ್ರಾಣಿಯದು. ಇಲ್ಲಿ ಇಡೀ ಚಕ್ರ ಸಿಗುವುದು ಅಪರೂಪ. ಏಣುಗಳಿರುವ ಬಾಗಿದ ಚೂರು ಸಿಕ್ಕರೆ ಅದೇ ಎಂದು ತಿಳಿಯಿರಿ. ಕೆಲವದರ ಮೇಲೆ ಮುತ್ತಿನ ಹೊಳಪು ಇನ್ನೂ ಇರುತ್ತದೆ. ಮುಟ್ಟಿದರೆ ಸಿಪ್ಪೆ ಏಳುತ್ತದೆ, ಬ್ರಷ್ ಹಾಕಬೇಡಿ. ದಪ್ಪನೆಯ ಸಿಂಪಿ ಚಿಪ್ಪುಗಳಿವೆ. ಸಣ್ಣ ಸುರುಳಿಯ ಹುಳುವಿನ ಕೊಳವೆಗಳಿವೆ. ಅದೃಷ್ಟ ಇದ್ದರೆ ಶಾರ್ಕ್ ಹಲ್ಲು. ಹಲ್ಲಿನ ಬುಡ ಮಬ್ಬು, ಮೇಲ್ಭಾಗ ನುಣುಪು. ಕೋಟಿ ಕೋಟಿ ವರ್ಷ ಕಳೆದರೂ ಆ ಹೊಳಪು ಹೋಗಿಲ್ಲ.

ಮೋಸ ಮಾಡುವ ವಸ್ತುಗಳೂ ಇವೆ. ಇಡೀ ಬಯಲು ಮಿರ ಮಿರ ಎನ್ನುವುದು ಜಿಪ್ಸಮ್ ಎಂಬ ಮೆದು ಖನಿಜದಿಂದ. ಗಾಜಿನ ಚೂರಿನಂತೆ ಚಪ್ಪಟೆಯಾಗಿರುತ್ತದೆ. ಅನುಮಾನ ಬಂದರೆ ಉಗುರಿನಿಂದ ಗೀರಿ. ಗೀರು ಬಿದ್ದರೆ ಜಿಪ್ಸಮ್. ಬೆಲೆಮ್ನೈಟ್ ಮೇಲೆ ಉಗುರಿನ ಗೀರು ಬೀಳುವುದಿಲ್ಲ. ಇನ್ನೊಂದು, ದುಂಡನೆಯ ಕಲ್ಲು. 2020ರ ಅಕ್ಟೋಬರ್‌ನಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಬಳಿ ಡೈನೋಸಾರ್ ಮೊಟ್ಟೆ ಸಿಕ್ಕಿತು ಎಂದು ಮೊಬೈಲ್‌ಗಳಲ್ಲೆಲ್ಲ ಸುದ್ದಿ ಓಡಿತು. ಭೂವಿಜ್ಞಾನಿಗಳು ಹೋಗಿ ನೋಡಿ ಮೊಟ್ಟೆಯಲ್ಲ ಎಂದರು. ಕಡಲ ತಳದಲ್ಲಿ ಮಣ್ಣು ತಾನೇ ಉಂಡೆಗಟ್ಟಿ ಕಲ್ಲಾದದ್ದು ಅದು. ಆದರೂ ಉಂಡೆಯನ್ನು ಕಡೆಗಣಿಸಬೇಡಿ, ಒಡೆದುಕೊಂಡ ಉಂಡೆಯ ಒಳಗೆ ಅಮ್ಮೊನೈಟ್ ಇರುವುದುಂಟು.

ಏನಾದರೂ ಸಿಕ್ಕಿತು ಅನ್ನಿ. ಎತ್ತಬೇಡಿ. ಮೊದಲು ಇದ್ದ ಹಾಗೇ ಒಂದು ಫೋಟೊ. ಆಮೇಲೆ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಇನ್ನೊಂದು. ಅದರ ಅಡ್ಡಳತೆ 27 ಮಿಲಿಮೀಟರ್, ಮನೆಗೆ ಬಂದ ಮೇಲೆ ಅಳತೆ ಲೆಕ್ಕ ಹಾಕಬಹುದು. ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟು ಮಣ್ಣು ಸರಿಸಿ ಮೂರನೆಯದು. ಒದ್ದೆ ಬೆರಳಿಗೆ ಮೊಬೈಲ್ ಪರದೆ ಬಗ್ಗುವುದಿಲ್ಲ. ಅದನ್ನು ಜಿಪ್ ಕವರಿನಲ್ಲಿ ಹಾಕಿ, ಪಕ್ಕದ ಧ್ವನಿ ಗುಂಡಿ ಒತ್ತಿ ಕ್ಲಿಕ್ ಮಾಡಿ. ಜಾಗ, ಹೊತ್ತು, ದಿಬ್ಬದ ಬುಡವೋ ಮೈಯೋ ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಬರೆಯದೆ ತಂದ ಫೋಟೊ ನೋಡಿ ನನ್ನ ಸೊಸೆ ಒಂದೇ ಮಾತು ಹೇಳುತ್ತಾಳೆ, "ಚೆನ್ನಾಗಿದೆ ಮಾವ, ಆದರೆ ಎಲ್ಲಿಯದು?" ದೊಡ್ಡ ಮೂಳೆಯಂಥದ್ದು ಕಂಡರೆ ನೀರೂ ಹಾಕಬೇಡಿ. ಜಾಗ ಗುರುತಿಟ್ಟುಕೊಂಡು ಸರ್ವೇಕ್ಷಣೆಯವರಿಗೆ ತಿಳಿಸಿ.

ಅಪಾಯದ ಮಾತು. 2018ರ ಆಗಸ್ಟ್‌ನ ಭೂಕುಸಿತ ಕಂಡ ಕೊಡಗಿನವರಿಗೆ ನೆನೆದ ಮಣ್ಣಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಲ್ಲಿನ ಕೊರಕಲಿನ ಗೋಡೆಯೂ ಕುಸಿಯುತ್ತದೆ. ಕಡಿದಾದ ದಂಡೆಯ ಅಡಿ ಕೂರಬೇಡಿ, ಅಂಚಿನ ಮೇಲೆ ನಿಲ್ಲಬೇಡಿ. ಕೊರಕಲಿನಲ್ಲಿ ನೀರು ಕೆಂಪಾಗಿ ಏರತೊಡಗಿದರೆ ಮಾತಾಡದೆ ಮೇಲೆ ಹತ್ತಿ. ಅದಕ್ಕಿಂತ ದೊಡ್ಡದು ಸಿಡಿಲು. ಆ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಗಾಡಿಗೆ ಓಡಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಇಳಿಯಬೇಡಿ. ಹಿಂಗಾರಿನ ಗುಡುಗು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ, ಹಾಗಾಗಿ ಬೆಳಿಗ್ಗೆಯೇ ಹುಡುಕಿ ಮುಗಿಸುವುದು ಜಾಣತನ. ಅರಿಯಲೂರು ಕಡೆ ಸಿಮೆಂಟಿಗೆ ಸುಣ್ಣಕಲ್ಲು ತೆಗೆಯುವ ಗಣಿಗಳಿವೆ, ಅಲ್ಲೂ ಚಿಪ್ಪು ರಾಶಿ ಇದೆ. ಅನುಮತಿ ಇಲ್ಲದೆ ಒಳಗೆ ಹೋಗುವುದು ಬೇಡವೇ ಬೇಡ.

ಮಧ್ಯಾಹ್ನ ಮಳೆ ಹಿಡಿದರೆ ದಿನ ಹಾಳಾಯಿತು ಎಂದುಕೊಳ್ಳಬೇಡಿ. ಪೆರಂಬಲೂರು ಜಿಲ್ಲೆಯ ಸಾತನೂರಿಗೆ ಹೋಗಿ. 18 ಮೀಟರಿಗಿಂತ ಉದ್ದದ ಮರದ ಕಾಂಡ ಕಲ್ಲಾಗಿ ಮಲಗಿದೆ. ನದಿ ಹೊತ್ತು ತಂದು ಕಡಲಿಗೆ ಹಾಕಿದ ಮರ ಅದು. 1940ರಲ್ಲಿ ಸರ್ವೇಕ್ಷಣೆಯ ಎಂ. ಎಸ್. ಕೃಷ್ಣನ್ ಅದನ್ನು ಗುರುತಿಸಿದರು. ಅರಿಯಲೂರಿನ ಹತ್ತಿರ ವಾರಣವಾಸಿಯಲ್ಲಿ ಪಳೆಯುಳಿಕೆಗಳ ಮ್ಯೂಸಿಯಂ ಇದೆ. ನೀವು ಬೆಳಿಗ್ಗೆ ಚೂರು ಚೂರಾಗಿ ನೋಡಿದ್ದು ಅಲ್ಲಿ ಪೂರ್ತಿಯಾಗಿ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮ್ಯೂಸಿಯಂ ಆಮೇಲೆ ನೋಡುವುದೇ ಸರಿ. ಮೊದಲೇ ನೋಡಿದರೆ ಬಯಲಿನಲ್ಲಿ ಇಡೀ ಅಮ್ಮೊನೈಟ್‌ಗೇ ಕಾಯುತ್ತಾ ಚೂರುಗಳನ್ನು ದಾಟಿ ಹೋಗುತ್ತೀರಿ. 1860ರ ದಶಕದಿಂದ ಫರ್ಡಿನಂಡ್ ಸ್ಟೊಲಿಚ್ಕಾ ಎಂಬ ಭೂವಿಜ್ಞಾನಿ ಈ ಸೀಮೆಯ ಚಿಪ್ಪುಗಳನ್ನು ಸಂಪುಟಗಟ್ಟಲೆ ವಿವರಿಸಿ ಬರೆದರು. ಅವರ ಕೈಗೆ ಬಂದವುಗಳಲ್ಲೂ ಮುರಿದವು ಬೇಕಾದಷ್ಟಿದ್ದವು.

ಶೂ ಅಲ್ಲೇ ತೊಳೆಯಲು ಹೋಗಬೇಡಿ. ಒದ್ದೆ ಜೇಡಿ ಉಜ್ಜಿದಷ್ಟೂ ಅಂಟುತ್ತದೆ. ಗೊಬ್ಬರದ ಚೀಲದಲ್ಲಿ ಕಟ್ಟಿ ತಂದು, ಮನೆಯಲ್ಲಿ ಎರಡು ದಿನ ಒಣಗಿಸಿ, ಒಂದಕ್ಕೊಂದು ಬಡಿಯಿರಿ. ಹೆಂಚಿನ ಚೂರಿನಂತೆ ಉದುರುತ್ತದೆ. ಅದನ್ನು ಎಸೆಯುವ ಮೊದಲು ಒಮ್ಮೆ ಕಣ್ಣಾಡಿಸಿ.