ಪ್ಯುಯಿ ದು ಫೂ: ವೇಳಾಪಟ್ಟಿ ಹಿಡಿದು ಇತಿಹಾಸ ಸುತ್ತಿದ್ದು

ಫ್ರಾನ್ಸಿನ ಪಶ್ಚಿಮ ಭಾಗದ ವಾಂದೆಯಲ್ಲಿರುವ ಪ್ಯುಯಿ ದು ಫೂ ಉದ್ಯಾನದಲ್ಲಿ ರೋಲರ್ ಕೋಸ್ಟರ್ ಹುಡುಕಬೇಡಿ. ಅಲ್ಲಿರುವುದು ಪ್ರದರ್ಶನಗಳು: ರೋಮನ್ ಕ್ರೀಡಾಂಗಣದಲ್ಲಿ ರಥಗಳ ಓಟ, ನೀರೊಳಗಿಂದ ಮೇಲೇಳುವ ವೈಕಿಂಗ್ ಹಡಗು, ತಲೆ ಸವರುವಷ್ಟು ಕೆಳಗೆ ಹಾರುವ ಬೇಟೆಹಕ್ಕಿಗಳು. ಪ್ರದರ್ಶನ ನಮಗಾಗಿ ಕಾಯುವುದಿಲ್ಲವಾದ್ದರಿಂದ ವೇಳಾಪಟ್ಟಿಯೇ ಯಜಮಾನ.

ನಾನು ಮೊದಲು ಕಾದಿರಿಸಿದ್ದು ಸಿನೆಸೆನಿಯನ್ನು, ಅಂದರೆ ರಾತ್ರಿ ಬಯಲಿನಲ್ಲಿ ನಡೆಯುವ ದೊಡ್ಡ ಪ್ರದರ್ಶನವನ್ನು. ಬೇಸಿಗೆಯ ವಾರಾಂತ್ಯಗಳಲ್ಲಷ್ಟೇ ನಡೆಯುವ ಅದಕ್ಕೆ ಟಿಕೆಟ್ ಬೇರೆ; ಅದು ಸಿಕ್ಕ ದಿನಕ್ಕೇ ಉಳಿದ ಪ್ರಯಾಣವನ್ನು ಹೊಂದಿಸಿಕೊಂಡೆ. ಹಗಲಿನ ಪಟ್ಟಿಯಲ್ಲಿ ಕಡಿಮೆ ಬಾರಿ ನಡೆಯುವ ಪ್ರದರ್ಶನಗಳನ್ನು ಮೊದಲು ಗುರುತಿಸಿದೆ. ಮೊದಲ ಮಹಾಯುದ್ಧದ ವರ್ದನ್ ಕಂದಕದಂತೆ ನಡೆದುಕೊಂಡೇ ನೋಡುವಂಥವನ್ನು ನಡುವಿನ ಬಿಡುವಿಗೆ ಇಟ್ಟುಕೊಂಡೆ. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಅರ್ಧ ಗಂಟೆಗೂ ಹೆಚ್ಚು ಅಂತರ ಬೇಕು. ನಡಿಗೆಯೂ ದೂರ, ಒಳಗೆ ಬಿಡುವುದೂ ಮೊದಲೇ. ರಥಗಳ ಓಟಕ್ಕೆ ಮುಂದಿನ ಸಾಲಿನ ಆಸೆ ಬಿಟ್ಟು ಮೇಲೆ ಕುಳಿತೆ, ಇಡೀ ಸುತ್ತು ಕಣ್ಣಿಗೆ ಬಿತ್ತು.

ನನಗೆ ಹೆಚ್ಚು ಹಿಡಿಸಿದ್ದು 'ಲ ದೆರ್ನಿಯೆ ಪನಾಶ್' ಎಂಬ ಪ್ರದರ್ಶನ. ಪ್ರೇಕ್ಷಕರು ಕುಳಿತ ವೇದಿಕೆಯೇ ತಿರುಗುತ್ತದೆ, ಸುತ್ತಲೂ ದೃಶ್ಯಗಳು ತೆರೆದುಕೊಳ್ಳುತ್ತವೆ. ಕಥೆ ಶಾರೆತ್‌ನದು: ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಪಾಲ್ಗೊಂಡ ನೌಕಾಧಿಕಾರಿ, ಆಮೇಲೆ ಫ್ರೆಂಚ್ ಕ್ರಾಂತಿಕಾರಿ ಸರ್ಕಾರದ ವಿರುದ್ಧ ವಾಂದೆಯ ಬಂಡಾಯದ ನಾಯಕ, 1796ರಲ್ಲಿ ನಾಂತ್‌ನಲ್ಲಿ ಗುಂಡಿಗೆ ಬಲಿಯಾದವನು. ಇದನ್ನು ಪಾಠವೆಂದು ನಂಬಿ ಕೂರಬೇಡಿ. ಸ್ಥಾಪಕ ಫಿಲಿಪ್ ದ ವಿಲಿಯೆ ಸಂಪ್ರದಾಯವಾದಿ ರಾಜಕಾರಣಿ, ಕ್ರಾಂತಿಯನ್ನು ಇಲ್ಲಿ ಸೋತವರ ಕಡೆಯಿಂದಲೇ ಹೇಳಲಾಗುತ್ತದೆ, ಇತಿಹಾಸಕಾರರ ತಕರಾರುಗಳಿವೆ. 1793ರಲ್ಲಿ ಶುರುವಾದ ಈ ವಾಂದೆ ಯುದ್ಧದ ಬಗ್ಗೆ ಮೊದಲೇ ಓದಿಕೊಂಡು ಹೋಗಿದ್ದರಿಂದ, ಯಾವುದನ್ನು ಹೇಳದೆ ದಾಟಿಸುತ್ತಿದ್ದಾರೆ ಎಂಬುದನ್ನೂ ಗಮನಿಸಿದೆ. ಹಾಗೆ ನೋಡಿದರೂ ರಂಗಕೌಶಲದ ರುಚಿ ಕೆಡಲಿಲ್ಲ.

ಸಿನೆಸೆನಿ ಶುರುವಾದದ್ದು 1978ರಲ್ಲಿ. ಹಗಲಿನ ಉದ್ಯಾನ ಬಂದದ್ದು 1989ರಲ್ಲಿ. ಸಿನೆಸೆನಿಯ ಸುಮಾರು 23 ಹೆಕ್ಟೇರ್ ರಂಗಸ್ಥಳದಲ್ಲಿ ಅಭಿನಯಿಸುವ ಎರಡು ಸಾವಿರಕ್ಕೂ ಹೆಚ್ಚು ಜನರು ಸ್ವಯಂಸೇವಕರು. ಅವರಲ್ಲಿ ಒಬ್ಬೊಬ್ಬರ ಮುಖ ಕಾಣಿಸುವುದಿಲ್ಲ. ಗುಂಪು ಚಲಿಸುವುದನ್ನೇ ನೋಡಬೇಕು. ಕತ್ತಲಾದ ಮೇಲೆ ಆರಂಭವಾಗುವ ಪ್ರದರ್ಶನ ಮುಗಿಯುವಾಗ ನಡುರಾತ್ರಿ. ಆದ್ದರಿಂದ ಸ್ವೆಟರ್ ಇಟ್ಟುಕೊಳ್ಳಿ, ಹತ್ತಿರದಲ್ಲೇ ಕೋಣೆ ಹಿಡಿಯಿರಿ. ಫ್ರೆಂಚ್ ಬಾರದವರಿಗೆ ಮುಖ್ಯ ಪ್ರದರ್ಶನಗಳ ಅನುವಾದ ಮೊಬೈಲ್ ಆ್ಯಪ್‌ನಲ್ಲಿ ಸಿಗುತ್ತದೆ. ಬ್ಯಾಟರಿ ರಾತ್ರಿಯವರೆಗೂ ಉಳಿಯಬೇಕು, ಇಯರ್‌ಫೋನ್ ಮರೆಯಬೇಡಿ.